ಹಿಟ್ಟಿನ ಹುಂಜದ ಕೂಗು

ಪಂಪನ 'ಆದಿಪುರಾಣ'ದಲ್ಲಿ (ಕ್ರಿ.ಶ. 941) ಬರುವ ನೀಲಾಂಜನೆಯ ನೃತ್ಯಪ್ರಸಂಗವನ್ನು ಕೇಳದ ಶ್ರಾವಕರು ವಿರಳ. ಆದಿದೇವನಿಗೆ ವೈರಾಗ್ಯ ಮೂಡುವ ಕಾಲ ಬಂದಿತೆಂದು ತಿಳಿದ ಇಂದ್ರನು ಆಯುಷ್ಯ ಮುಗಿಯುತ್ತ ಬಂದ ನರ್ತಕಿಯನ್ನು ಸಭೆಗೆ ಕಳುಹಿಸುತ್ತಾನೆ. ನೃತ್ಯದ ನಡುವೆಯೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಅವಳದೇ ರೂಪದ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಯು ನೃತ್ಯವನ್ನು ನೋಡುತ್ತಲೇ ಇರುತ್ತದೆ. ನಡುವೆ ಸಂಭವಿಸಿದ ಸಾವನ್ನು ಕಂಡವನು ಆದಿದೇವನೊಬ್ಬನೇ. ಸಾಮಾನ್ಯವಾಗಿ ಈ ಪ್ರಸಂಗವನ್ನು ಸಂಸಾರದ ಅನಿತ್ಯತೆಗೆ ದೃಷ್ಟಾಂತವಾಗಿ ವಿವರಿಸುವುದುಂಟು. ಅದು ಸರಿಯೇ. ಆದರೆ ಅದು ರಂಗಭೂಮಿಯ ವಿಚಾರವೂ ಹೌದೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಒಂದೇ ರಂಗ, ಒಂದೇ ಆಟ, ಒಂದೇ ಸಭೆ. ಆದರೂ ಕಂಡದ್ದು ಎರಡು ಬಗೆ. ನೋಟಕರಲ್ಲಿ ಯಾರಿಗೆ ಏನು ಕಾಣುತ್ತದೆ, ಯಾಕೆ ಕಾಣುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಆದಿಕವಿ ಸಾವಿರ ವರ್ಷಗಳ ಹಿಂದೆಯೇ ಎತ್ತಿದ್ದಾನೆ.

ಈ ಪ್ರಶ್ನೆಯನ್ನು ಈಗ ಎತ್ತಲು ಒಂದು ಪ್ರತ್ಯಕ್ಷ ಕಾರಣವಿದೆ. ನಮ್ಮ ಊರಿನ ಕೆಲವು ತರುಣ ತರುಣಿಯರು ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕವನ್ನು ಸಮಾಜದ ಸಭಾಭವನದಲ್ಲಿ ಆಡಲು ಅನುಮತಿ ಕೇಳಿದರು. ಕೆಲವು ಹಿರಿಯರು ಒಪ್ಪಲಿಲ್ಲ. "ರಾಣಿ ಮಾವುತನ ಬಳಿಗೆ ಹೋಗುವ ಕಥೆಯನ್ನು ಬಸದಿಯ ಅಂಗಳದಲ್ಲಿ ತೋರಿಸುವುದೇ?" ಎಂಬುದು ಅವರ ಆಕ್ಷೇಪ. ಈ ಕಥೆ ಜನ್ನನ 'ಯಶೋಧರ ಚರಿತೆ'ಯದು, ಜೀವದಯಾಷ್ಟಮಿಯ ನೋಂಪಿಗೆ ಭಕ್ತಿಯಿಂದ ಕೇಳುವಂಥದು ಎಂದು ನೆನಪಿಸಿದಾಗ ಒಬ್ಬ ಹಿರಿಯರು ಕೊಟ್ಟ ಉತ್ತರ ನನ್ನನ್ನು ಯೋಚನೆಗೆ ಹಚ್ಚಿತು: "ಓದಿ ಕೇಳುವುದು ಬೇರೆ, ಆಡಿ ತೋರಿಸುವುದು ಬೇರೆ." ಅವರ ಮಾತು ನಿಜ. ಅದು ಎಷ್ಟರಮಟ್ಟಿಗೆ ನಿಜ, ಆ ಬೇರೆತನದಿಂದ ನಮಗೆ ಲಾಭವೇ ನಷ್ಟವೇ ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ನಾವು ನಾಟಕಕ್ಕೆ ಹೊರತಾದವರಲ್ಲ. ಪಂಚಕಲ್ಯಾಣ ಮಹೋತ್ಸವವೆಂದರೆ ಐದು ಅಂಕಗಳ ಮಹಾನಾಟಕವೇ ಅಲ್ಲವೆ? ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಎಂಬ ಐದು ಕಲ್ಯಾಣಗಳಲ್ಲಿ ನಮ್ಮ ನಡುವಿನ ಗೃಹಸ್ಥರೇ ಕಿರೀಟ ಧರಿಸಿ ಇಂದ್ರ ಇಂದ್ರಾಣಿಯರಾಗುತ್ತಾರೆ, ಜಿನಮಾತೆಯ ಸ್ವಪ್ನಗಳ ಫಲ ಹೇಳುತ್ತಾರೆ. ಈ ಪಾತ್ರಗಳಿಗೆ ಸವಾಲು ನಡೆಯುವುದೂ ಎಲ್ಲರಿಗೂ ತಿಳಿದದ್ದೇ. ಅದು ಪೂಜೆಯ ಅಂಗ, ಅದನ್ನು ವಿಮರ್ಶೆಯ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಆದರೆ ಅಲ್ಲಿಯ ನುಡಿ ಮೊದಲೇ ನಿಶ್ಚಿತವಾದದ್ದು. ಇಂದ್ರನಾದವನು ತಪ್ಪು ಮಾಡಲಾರ, ಸಂದೇಹ ಪಡಲಾರ. ಆ ಮಾತುಗಳು ನಮ್ಮನ್ನು ಮೇಲಕ್ಕೆತ್ತುತ್ತವೆ. ಮಾರನೆಯ ದಿನ ಅಂಗಡಿಯಲ್ಲಿ ಕುಳಿತಾಗ, ಅತ್ತೆ ಸೊಸೆಯರು ಅಡಿಗೆಮನೆಯಲ್ಲಿ ನಿಂತಾಗ, ಆಡಿಕೊಳ್ಳಲು ಒದಗುವುದಿಲ್ಲ. ಸಂದೇಹಪಡುವ ಮನುಷ್ಯನ ನುಡಿಯನ್ನು ಕಟ್ಟಿಕೊಡುವ ಕೆಲಸ ಇನ್ನೊಂದು ಬಗೆಯ ರಂಗಭೂಮಿಯದು.

ರಂಗಭೂಮಿ ನುಡಿಯನ್ನು ಕಟ್ಟುತ್ತದೆ ಎಂಬ ಮಾತು ಅಲಂಕಾರದ ಮಾತಲ್ಲ. ಸಂಸ್ಕೃತ ನಾಟಕದ ಕಟ್ಟಳೆಯನ್ನೇ ನೋಡಬಹುದು. ಅಲ್ಲಿ ರಾಜನೂ ವಿಪ್ರನೂ ಸಂಸ್ಕೃತವನ್ನಾಡಿದರೆ, ಸಾಮಾನ್ಯವಾಗಿ ಸ್ತ್ರೀಯರು ಶೌರಸೇನೀ ಪ್ರಾಕೃತವನ್ನೂ ಕೆಳಗಿನ ಅಂತಸ್ತಿನವರು ಮಾಗಧಿಯಂಥ ಪ್ರಾಕೃತಗಳನ್ನೂ ಆಡಬೇಕು. ಮಹಾವೀರ ಸ್ವಾಮಿಯ ಉಪದೇಶ ಅರ್ಧಮಾಗಧಿಯಲ್ಲಿ ಹರಿಯಿತೆಂಬುದು ನಮ್ಮ ಪರಂಪರೆ. ದಿಗಂಬರ ಸಿದ್ಧಾಂತ ಗ್ರಂಥಗಳ ಭಾಷೆ ಶೌರಸೇನಿಯ ಒಂದು ರೂಪ. ಎಂದರೆ, ಯಾವ ನುಡಿಯಲ್ಲಿ ಕರ್ಮಸಿದ್ಧಾಂತದ ಸೂಕ್ಷ್ಮಗಳು ಬರೆಯಲ್ಪಟ್ಟವೋ ಅದೇ ಬಳಗದ ನುಡಿ ರಂಗದ ಮೇಲೆ ಚೇಟಿಯ ನುಡಿ, ಸಖಿಯ ನುಡಿ. ಎರಡೂ ಕಡೆ ಪ್ರಾಕೃತವೇ. ಆದರೆ ರಂಗಭೂಮಿ ನೂರಾರು ವರ್ಷ ನೋಟಕರ ಕಿವಿಗೆ, ಇದು ಆಳುವವರ ಮಾತು, ಇದು ಆಳುಗಳ ಮಾತು ಎಂದು ಪಾಠ ಹೇಳಿತು. ನಾಟಕ ಸಮಾಜವನ್ನು ತಿದ್ದುತ್ತದೆ ಎನ್ನುವವರು, ಅದು ಸಮಾಜದ ಮೇಲುಕೀಳನ್ನು ಕಿವಿಯ ಮೂಲಕ ಗಟ್ಟಿಮಾಡಲೂ ಬಲ್ಲದು ಎಂಬುದನ್ನು ಮರೆಯಬಾರದು. ಹದಿಮೂರನೆಯ ಶತಮಾನದ ನಮ್ಮ ಹಸ್ತಿಮಲ್ಲನೂ 'ವಿಕ್ರಾಂತಕೌರವ', 'ಮೈಥಿಲೀಕಲ್ಯಾಣ', 'ಅಂಜನಾಪವನಂಜಯ', 'ಸುಭದ್ರಾ' ಎಂಬ ಸಂಸ್ಕೃತ ನಾಟಕಗಳನ್ನು ಬರೆದದ್ದು ಈ ಸಂಪ್ರದಾಯದೊಳಗೇ.

ಕನ್ನಡದಲ್ಲಿಯಾದರೋ ವಿಚಿತ್ರ ಸ್ಥಿತಿ. ಪಂಪ, ರನ್ನ, ಜನ್ನರಂಥ ಮಹಾಕವಿಗಳಿದ್ದರೂ ಅವರ ಕಾಲದ ಒಂದು ಕನ್ನಡ ನಾಟಕವೂ ನಮಗೆ ಉಳಿದಿಲ್ಲ. ಸಿಕ್ಕಿರುವ ಮೊದಲ ಕೃತಿ ಹದಿನೇಳನೆಯ ಶತಮಾನದ ಕೊನೆಯ ಭಾಗದ, ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ'. ಆದರೆ ನಾಟಕ ಕಾವ್ಯದ ಒಳಗೆ ಅಡಗಿ ಕುಳಿತಿತ್ತು. ರನ್ನನ 'ಗದಾಯುದ್ಧ'ದ ಮಾತಿನ ಚಕಮಕಿಯನ್ನು ಕಂಡ ಬಿ.ಎಂ. ಶ್ರೀಕಂಠಯ್ಯನವರು ಅದೇ ಕಾವ್ಯದ ನುಡಿಯಿಂದ 'ಗದಾಯುದ್ಧ ನಾಟಕಂ' ರಚಿಸಿದರು. ಪಂಡಿತರ ಗರಿಯಲ್ಲಿದ್ದ ಹಳಗನ್ನಡ ವಿದ್ಯಾರ್ಥಿಗಳ ಗಂಟಲಿಗೆ ಬಂತು. ಅದಕ್ಕೆ ಮುನ್ನವೇ, 1918ರಲ್ಲಿ, ಕೈಲಾಸಂ ಅವರ 'ಟೊಳ್ಳುಗಟ್ಟಿ' ಮನೆಯೊಳಗಿನ ಆಡುಮಾತನ್ನು, ಅದರ ಇಂಗ್ಲಿಷ್ ಬೆರಕೆಯನ್ನೂ ಬಿಡದೆ, ರಂಗಕ್ಕೆ ತಂದಿತ್ತು. ಒಂದು ಹಳೆಯ ನುಡಿಗೆ ಉಸಿರು, ಮತ್ತೊಂದು ಆಡುನುಡಿಗೆ ಮಾನ. ಈ ಎರಡೂ ಕೆಲಸಗಳು ಒಟ್ಟಾಗಿ ನಡೆದುದನ್ನು ನೋಡಬೇಕಾದರೆ ಕಾರ್ನಾಡರ ನಾಟಕಕ್ಕೇ ಬರಬೇಕು.

ಜನ್ನನ ಕಾವ್ಯ 1209ರದು. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಈ ಕವಿಚಕ್ರವರ್ತಿ, ವಾದಿರಾಜನ ಸಂಸ್ಕೃತ ಯಶೋಧರಚರಿತೆಯನ್ನು ಅನುಸರಿಸಿ, ಹೆಚ್ಚಾಗಿ ಕಂದಪದ್ಯಗಳಲ್ಲೇ ಕಥೆ ಹೇಳಿದ. ಅದಕ್ಕೂ ಹಿಂದೆ 959ರಲ್ಲಿ ಸೋಮದೇವನು 'ಯಶಸ್ತಿಲಕ'ದಲ್ಲಿ ಇದೇ ಕಥೆಯನ್ನು ವಿಸ್ತರಿಸಿದ್ದ. ಕಥೆ ವಾಚಕರಿಗೆ ಗೊತ್ತಿರುವುದರಿಂದ ಬೇಕಾದಷ್ಟನ್ನು ಮಾತ್ರ ನೆನೆಯುತ್ತೇನೆ. ಅರಸಿ ಅಮೃತಮತಿ ಗಂಡನ ತೋಳಿನಲ್ಲಿ ಮಲಗಿರುವಾಗ ರಾತ್ರಿಯಲ್ಲಿ ಮಾವುತನ ಹಾಡು ಕೇಳಿಬರುತ್ತದೆ. ಅವಳ ಮನಸ್ಸು ಹಾಡಿನ ಹಿಂದೆ ಹೋಗುತ್ತದೆ. ಕುರೂಪಿಯಾದ ಅವನ ಬಳಿಗೆ ಅವಳು ಹೋಗುವುದನ್ನು ಕಂಡ ಯಶೋಧರನು ಕತ್ತಿ ಎತ್ತಿ, ತಡೆದುಕೊಂಡು ಹಿಂದಿರುಗುತ್ತಾನೆ. ತಾಯಿ ಚಂದ್ರಮತಿಗೆ ತಾನು ಕಂಡುದನ್ನು ಹೇಳಲಾರದೆ ಕನಸೆಂದು ಮರೆಮಾಡಿ ಹೇಳುತ್ತಾನೆ. ತಾಯಿ ದುಃಸ್ವಪ್ನದ ಶಾಂತಿಗೆ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಮಗ ಒಪ್ಪುವುದಿಲ್ಲ. ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕೊಡು ಎಂದಾಗ ತಾಯಿಯ ಮನಸ್ಸು ಮುರಿಯಲಾರದೆ ಒಪ್ಪುತ್ತಾನೆ. ಕತ್ತಿ ತಾಗಿದಾಗ ಹಿಟ್ಟಿನ ಕೋಳಿ ಕೂಗುತ್ತದೆ.

ಈ ಕಥೆಯಲ್ಲಿ ನಿರ್ಣಾಯಕವಾದ ಎರಡು ಘಟನೆಗಳೂ ಧ್ವನಿಗಳು. ಒಂದು ಹಾಡು, ಒಂದು ಕೂಗು. ಓದುವವನು ಇವೆರಡನ್ನೂ ಊಹಿಸಿಕೊಳ್ಳಬೇಕು. ಊಹೆಯಲ್ಲಿ ನಾವು ನಮಗೆ ಬೇಕಾದಷ್ಟನ್ನೇ ಕೇಳುತ್ತೇವೆ. ಮಾವುತನ ಹಾಡು ಎಷ್ಟು ಮಧುರವಾಗಿತ್ತೆಂದು ಕವಿ ಹೇಳಿದರೂ ನಾವು ಅವಸರದಿಂದ ಅಮೃತಮತಿಯ ಶೀಲದ ಮೇಲೆ ತೀರ್ಪು ಕೊಟ್ಟು ಮುಂದೆ ಹೋಗುತ್ತೇವೆ. ರಂಗದ ಮೇಲೆ ಹಾಗಾಗದು. ಹಾಡು ನಿಜವಾಗಿಯೂ ಕೇಳಬೇಕು, ಅದು ಚೆನ್ನಾಗಿರಬೇಕು, ಕತ್ತಲಲ್ಲಿ ಕುಳಿತ ನಾವೂ ಅದಕ್ಕೆ ತಲೆದೂಗಬೇಕು. ತಲೆದೂಗಿದ ಮೇಲೆ ತೀರ್ಪು ಕೊಡುವುದು ಅಷ್ಟು ಸುಲಭವಲ್ಲ. ಹಿರಿಯರ ಆಕ್ಷೇಪ ಹುಟ್ಟುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಅವರಿಗೆ ಭಯವಿರುವುದು ರಾಣಿ ಕೆಡುವುದನ್ನು ನೋಡಬೇಕಾಗುತ್ತದೆಂದಲ್ಲ. ಅವಳ ಕಿವಿಯಿಂದ ಕೇಳಬೇಕಾಗುತ್ತದೆಂದು.

ಕಾರ್ನಾಡರು (1938–2019) 1980ರಲ್ಲಿ ಪ್ರಕಟವಾದ 'ಹಿಟ್ಟಿನ ಹುಂಜ'ದಲ್ಲಿ ಕಥೆಯನ್ನು ಒಂದು ರಾತ್ರಿಗೆ, ನಾಲ್ಕೇ ಜನಕ್ಕೆ ಇಳಿಸಿದರು: ರಾಜ, ರಾಣಿ, ರಾಜನ ತಾಯಿ, ಮಾವುತ. ಅದನ್ನು ಅವರೇ ಇಂಗ್ಲಿಷಿನಲ್ಲಿ 'ಬಲಿ' ಎಂಬ ಹೆಸರಿನಿಂದ ಮತ್ತೆ ಬರೆದು, 2002ರಲ್ಲಿ ಅದು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ರಂಗಕ್ಕೆ ಬಂತು. ಆ ರೂಪದಲ್ಲಿ ಸ್ಪಷ್ಟವಾಗಿರುವಂತೆ, ರಾಣಿ ಹುಟ್ಟಿನಿಂದ ಜೈನಳು, ರಾಜ ಅವಳಿಗಾಗಿ ಈ ಮಾರ್ಗಕ್ಕೆ ಬಂದವನು, ತಾಯಿ ತನ್ನ ಹಳೆಯ ಬಲಿಪೂಜೆಯನ್ನು ಬಿಡಲೊಲ್ಲದವಳು. ಹೀಗಾಗಿ ಜನ್ನನಲ್ಲಿ ಒಬ್ಬನ ಮನಸ್ಸಿನೊಳಗೆ ನಡೆಯುವ ಹೋರಾಟ ಇಲ್ಲಿ ಮನೆಮಂದಿಯ ಮಾತುಕತೆಯಾಗುತ್ತದೆ. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ, ನಡುವೆ ಮಗ. ಅಹಿಂಸೆಯ ಪ್ರಶ್ನೆ ಅರಮನೆಯಲ್ಲಿ ಯಾರ ಮಾತು ನಡೆಯಬೇಕೆಂಬ ಪ್ರಶ್ನೆಯೊಡನೆ ಹೆಣೆದುಕೊಳ್ಳುತ್ತದೆ. ಬೇರೆ ಆಚಾರದ ಮನೆಯಿಂದ ಸೊಸೆ ತಂದ ಕುಟುಂಬಗಳಿಗೆ ಇದು ಅಪರಿಚಿತವಲ್ಲ.

ಮೊದಲು ಹೆಸರನ್ನೇ ಗಮನಿಸಿ. ಸಂಸ್ಕೃತ ಪರಂಪರೆಯಲ್ಲಿ ಇದು 'ಪಿಷ್ಟಕುಕ್ಕುಟ'. ಹಾಗೆಂದಾಗ ಅದು ಶಾಸ್ತ್ರಿಗಳು ಪ್ರವಚನದಲ್ಲಿ ಎತ್ತಿಕೊಳ್ಳುವ ಒಂದು ಉದಾಹರಣೆ. 'ಹಿಟ್ಟಿನ ಹುಂಜ' ಎಂದೊಡನೆ ಅಡಿಗೆಮನೆಯ ಹಿಟ್ಟು, ಅದನ್ನು ನಾದುವ ತಾಯಿಯ ಕೈ, ಕೊಕ್ಕನ್ನು ತಿದ್ದುವ ಬೆರಳು ಕಣ್ಣ ಮುಂದೆ ಬರುತ್ತವೆ. ಶಾಸ್ತ್ರದ ಪದವೊಂದು ಮನೆಯ ಪದವಾದಾಗ ಅದರ ಹೊಣೆಯೂ ಮನೆಯೊಳಗೆ ಬರುತ್ತದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ಬಗೆಯೆಂದೂ, ಗೃಹಸ್ಥನಿಗೆ ಉಳಿದ ಮೂರು ಪೂರ್ತಿಯಾಗಿ ತಪ್ಪವೆಂದೂ, ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕೆಂದೂ ನಾವು ಪಾಠಶಾಲೆಯಲ್ಲಿ ಕಲಿತಿದ್ದೇವೆ. ಹಾಗೆ ಕಲಿತ ನಾವು ಸಂಕಲ್ಪೀ ಹಿಂಸೆ ಎಂದರೆ ಬೇಟೆ, ಕಟುಕತನ, ಎಂದರೆ ಬೇರೆಯವರು ಮಾಡುವುದು ಎಂದು ನಿಶ್ಚಿಂತರಾಗಿರುತ್ತೇವೆ. ಪ್ರಾಣಿಬಲಿಯನ್ನು ತಡೆಯುವ 1959ರ ಕರ್ನಾಟಕದ ಕಾಯಿದೆಗೆ ಬೇಕಾದದ್ದು ನಿಜವಾದ ಪ್ರಾಣಿ. ಹಿಟ್ಟನ್ನು ಕಡಿದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಯಶೋಧರನ ಕಥೆ ಮಾತ್ರ ಹಿಟ್ಟನ್ನು ಕಡಿದವನನ್ನೇ ಹಿಡಿಯುತ್ತದೆ.

ನಾಟಕದ ನಿಜವಾದ ಕತ್ತಿ 'ಮಾತ್ರ' ಎಂಬ ಅವ್ಯಯದಲ್ಲಿದೆ. ಇದು ಹಿಟ್ಟು ಮಾತ್ರ, ತಾಯಿಗಾಗಿ ಮಾತ್ರ, ಈ ಒಂದು ಸಾರಿ ಮಾತ್ರ. ನಾಟಕದ ಸಾಲುಗಳನ್ನು ಉದ್ಧರಿಸುತ್ತಿಲ್ಲ. ಅದರ ವಾದದ ದಾರಿಯನ್ನು ನನ್ನ ಮಾತಿನಲ್ಲಿ ಹೇಳುತ್ತಿದ್ದೇನೆ. ತಾಯಿಯ ಕೋರಿಕೆಯಲ್ಲಿ ಕ್ರೌರ್ಯವಿಲ್ಲ. ಅವಳು ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾಳೆ, ಪ್ರತಿ ಹೆಜ್ಜೆಗೂ ಮಗ ಒಂದೊಂದು ಹೆಜ್ಜೆ ಮುಂದೆ ಬರುತ್ತಾನೆ. ಸಭೆಯಲ್ಲಿ ಕುಳಿತ ನಮಗೂ ಇದು ನ್ಯಾಯವಾದ ರಾಜಿಯೆಂದೇ ಅನ್ನಿಸುತ್ತದೆ. ಬಸದಿಯಲ್ಲಿ ಕಥೆ ಕೇಳುವಾಗ ಹೀಗೆ ಅನ್ನಿಸಲು ಅವಕಾಶವಿಲ್ಲ. ಅಲ್ಲಿ ಕಥೆ ಹೇಳುವವನು ಅಭಯರುಚಿ, ಎಂದರೆ ಹಿಂದೆ ಯಶೋಧರನಾಗಿದ್ದು ಅದರ ಫಲವನ್ನೆಲ್ಲ ಉಂಡು ಬಂದವನು. ಮುಂದಿನದು ಅವನಿಗೂ ಗೊತ್ತು, ನಮಗೂ ಗೊತ್ತು. ಕೈಮುಗಿದು ಕೇಳುವ ನಾವು ಆಗಲೇ ಯಶೋಧರನಿಗಿಂತ ಜಾಣರು. ರಂಗದ ಮೇಲೆ ಆ ನಿರೂಪಕನಿಲ್ಲ. ಮಗನ ಕೈ ಕತ್ತಿಯ ಕಡೆಗೆ ಹೋಗುವಾಗ ನಾವು ಒಳಗೊಳಗೇ, ಆಗಲಿ, ತಾಯಿಯ ಮನಸ್ಸಿಗೆ ನೆಮ್ಮದಿಯಾಗಲಿ ಎಂದುಕೊಂಡಿರುತ್ತೇವೆ. ಆಗ ಕೂಗು ಕೇಳುತ್ತದೆ.

ಇನ್ನೊಂದು ಸೂಕ್ಷ್ಮವನ್ನು ನಾಟಕವನ್ನು ಓದಿ ಮತ್ತೆ ಜನ್ನನಿಗೆ ಹಿಂದಿರುಗಿದಾಗ ಕಂಡೆ. ಕಾವ್ಯದಲ್ಲಿ ಯಶೋಧರನು ಮೊದಲು ಮಾಡುವ ಬದಲಿ ಹಿಟ್ಟಿನದಲ್ಲ, ಮಾತಿನದು. ಕಣ್ಣಾರೆ ಕಂಡುದಕ್ಕೆ ಬದಲಾಗಿ ತಾಯಿಯ ಮುಂದೆ ಒಂದು ಕನಸನ್ನು ಇಡುತ್ತಾನೆ. ಮಾನ ಉಳಿಸಿಕೊಳ್ಳಲು ಆಡಿದ ಆ ಅರೆಸುಳ್ಳಿಲ್ಲದೆ ಬಲಿಯ ಮಾತೇ ಹುಟ್ಟುತ್ತಿರಲಿಲ್ಲ. ಅದಕ್ಕೂ ಮುನ್ನ ಅರಸಿಯೊಡನೆ ಸರಸವೆಂಬಂತೆ ಅವಳನ್ನು ನೆಯ್ದಿಲ ಹೂವಿನಿಂದ ಹೊಡೆಯುತ್ತಾನೆ, ಅವಳು ಮೂರ್ಛೆ ಹೋದಂತೆ ನಟಿಸುತ್ತಾಳೆ. ಹೂವು ಹಗುರ, ಹೊಡೆದ ಮನಸ್ಸು ಭಾರ. ಸತ್ಯಾಣುವ್ರತ ಸಡಿಲವಾದ ಕಡೆ ಅಹಿಂಸಾಣುವ್ರತ ನಿಲ್ಲದೆಂಬುದನ್ನು ಜನ್ನ ಉಪದೇಶದ ರೂಪದಲ್ಲಿ ಹೇಳುವುದಿಲ್ಲ, ಘಟನೆಗಳ ಸಾಲಿನಲ್ಲಿ ತೋರಿಸುತ್ತಾನೆ. ಎಷ್ಟೋ ಸಲ ಪಾಠ ಹೇಳಿದ್ದ ಕಾವ್ಯದಲ್ಲಿ ನಾನು ಇದನ್ನು ಗಮನಿಸಿರಲಿಲ್ಲ. ನಾಟಕವು ಪಾತ್ರಗಳ ಮಾತಿಗೆ ಕಿವಿಗೊಡುವುದನ್ನು ಕಲಿಸಿದ ಮೇಲೆಯೇ ಅದು ಕೇಳಿಸಿತು.

ಇಷ್ಟು ಹೇಳಿ ನಷ್ಟದ ಲೆಕ್ಕವನ್ನು ಮರೆಮಾಚಿದರೆ ಅದೂ ಅರೆಸುಳ್ಳೇ. ಕಾರ್ನಾಡರು ಭವಾವಳಿಯನ್ನು ಪೂರ್ತಿಯಾಗಿ ಬಿಟ್ಟಿದ್ದಾರೆ. ಜನ್ನನಲ್ಲಿ ತಾಯಿ ಮಕ್ಕಳು ಅಮೃತಮತಿ ಇಕ್ಕಿದ ವಿಷದಿಂದ ಸತ್ತು, ಮಗ ನವಿಲಾಗಿ ತಾಯಿ ನಾಯಿಯಾಗಿ ಹುಟ್ಟುತ್ತಾರೆ. ಆ ನಾಯಿಯೇ ಆ ನವಿಲನ್ನು ಕೊಲ್ಲುತ್ತದೆ. ಮುಂದೆ ಮಗ ತಂದೆಯ ಶ್ರಾದ್ಧಕ್ಕೆಂದು ಕೊಲ್ಲಿಸುವ ಪ್ರಾಣಿ ತಂದೆಯೇ ಆಗಿರುತ್ತಾನೆ. ಅಜ್ಞಾನದಲ್ಲಿ ಪ್ರೀತಿಪಾತ್ರರೇ ಒಬ್ಬರನ್ನೊಬ್ಬರು ತಿನ್ನುವ ಈ ಭಯಂಕರ ಕಾರುಣ್ಯವೇ ಕಾವ್ಯದ ಅರ್ಧ ಧರ್ಮ. ದಾರಿಯಲ್ಲಿ ಕಂಡ ಯಾವ ಪ್ರಾಣಿಯೂ ನಮಗೆ ಹೊರಗಿನದಲ್ಲವೆಂಬ ಬೋಧೆ ಅಲ್ಲಿಂದ ಬರುತ್ತದೆ. ಅದಿಲ್ಲದೆ ನಾಟಕದಲ್ಲಿ ಹಿಂಸೆಯ ಪ್ರಶ್ನೆ ಮನುಷ್ಯರೊಳಗಿನ ಪ್ರಶ್ನೆಯಾಗಿ, ದಾಂಪತ್ಯದ ತೊಡಕಾಗಿ ಕಿರಿದಾಗುತ್ತದೆ. ಕೋಳಿ ಒಂದು ಸಂಕೇತವಾಗುತ್ತದೆ, ಜೀವವೆನ್ನಿಸುವುದು ಕಡಿಮೆ. ಅಹಿಂಸೆಯನ್ನು ಬಿಗಿಯಾಗಿ ಹಿಡಿದವರ ಒಳಗೆ ಅದುಮಿಟ್ಟ ಹಿಂಸೆ ಇರಬಹುದೆಂಬ ಸೂಚನೆಯೂ ಅಲ್ಲಿದೆ. ಈ ಸೂಚನೆಗೆ ಕೋಪಿಸಿಕೊಳ್ಳಬೇಕಾದ ಅಗತ್ಯವಿಲ್ಲ, ಏಕೆಂದರೆ ಭಾವಹಿಂಸೆಯನ್ನು ನಮ್ಮ ಆಚಾರ್ಯರು ಇನ್ನೂ ಕಠಿಣವಾಗಿ ವಿಚಾರಿಸಿದ್ದಾರೆ. ಆದರೆ ಆಚಾರ್ಯರ ವಿಚಾರ ಸಂವರ ನಿರ್ಜರೆಗಳ ದಾರಿಯನ್ನೂ ತೋರಿಸುತ್ತದೆ. ನಾಟಕ ತೋರಿಸುವುದಿಲ್ಲ. ಜನ್ನನ ಮಾರಿದತ್ತ ಕಥೆ ಕೇಳಿ ಕತ್ತಿಯನ್ನಿಳಿಸಿ ದೀಕ್ಷೆ ಪಡೆಯುತ್ತಾನೆ. ಕಾರ್ನಾಡರ ರಂಗದಲ್ಲಿ ಕಥೆ ಕೇಳಿ ಬದಲಾಗುವ ಅರಸನಿಲ್ಲ. ಆ ಪಾತ್ರವನ್ನು ನೋಟಕರಿಗೆ ಬಿಡಲಾಗಿದೆ ಎಂದು ಬೇಕಾದರೆ ಹೇಳಬಹುದು.

ಸಭಾಭವನ ಸಿಗದೆ ಹೋದುದರಿಂದ ಹುಡುಗರು ಒಂದು ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾಟಕವನ್ನು ಓದಿದರು. ವೇಷವಿಲ್ಲ, ದೀಪವಿಲ್ಲ. ಕೇಳುವವರು ಹತ್ತು ಹನ್ನೆರಡು ಮಂದಿ; ಎಂಬತ್ತು ದಾಟಿದ ನಮ್ಮ ಚಿಕ್ಕಮ್ಮನೂ ಗೋಡೆಗೊರಗಿ ಕುಳಿತಿದ್ದರು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದವರು ಅವರು. ಓದು ಮುಗಿದ ಮೇಲೆ ಎಲ್ಲರೂ ರಾಣಿಯ ವಿಚಾರವನ್ನೇ ಚರ್ಚಿಸುತ್ತಿದ್ದಾಗ ಅವರು, "ಆ ತಾಯಿ ಕೇಳಿದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲಪ್ಪಾ. ನಾನಾಗಿದ್ದರೂ ಮಗನಿಗೆ ಹಾಗೇ ಹೇಳುತ್ತಿದ್ದೆ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ನನಗೆ ಹೆದರಿಕೆಯಾದದ್ದು," ಎಂದು ಸೇರಿಸಿದರು. ಐವತ್ತು ವರ್ಷ ಜೀವದಯಾಷ್ಟಮಿಯ ಕಥೆ ಕೇಳಿದ ಹೆಂಗಸು ಚಂದ್ರಮತಿಯ ಜಾಗದಲ್ಲಿ ತನ್ನನ್ನು ನಿಲ್ಲಿಸಿಕೊಂಡದ್ದು ಅಂದೇ ಮೊದಲಿರಬೇಕು.

ಆಮೇಲೆ ನಮ್ಮ ಮನೆಯಲ್ಲಿ ಒಂದು ಹೊಸ ಮಾತು ಹುಟ್ಟಿತು. ಫೋನಿನಲ್ಲಿ ಯಾರೋ ಕರೆದಾಗ ನಾನು ಮನೆಯಲ್ಲಿಲ್ಲವೆಂದು ಹೇಳು ಎಂದು ಮೊಮ್ಮಗಳಿಗೆ ಸನ್ನೆ ಮಾಡಿದೆ. "ಇದು ಹಿಟ್ಟಿನ ಹುಂಜ ತಾನೆ ಅಜ್ಜ?" ಎಂದಳು ಅವಳು. ಆಯುಧಪೂಜೆಯ ದಿನ ಅಂಗಡಿಯ ಮುಂದೆ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುವ ವಿಚಾರ ಬಂದಾಗ ನನ್ನ ತಮ್ಮನ ಮಗ ಅದೇ ಮಾತನ್ನಾಡಿದ. ತಮ್ಮ ಒಪ್ಪಲಿಲ್ಲ. ಕುಂಬಳಕಾಯಿ ಅಡಿಗೆಮನೆಯಲ್ಲಿ ದಿನವೂ ಹೆಚ್ಚುವ ಕಾಯಿಯೇ ಅಲ್ಲವೇ ಎಂದು ವಾದಿಸಿದ. ಹೆಚ್ಚುವಾಗ ಕುಂಕುಮ ಯಾಕೆ ತುಂಬುವುದಿಲ್ಲ ಎಂದು ಹುಡುಗ ಕೇಳಿದ. ವಾದ ಅಂದು ಮುಗಿಯಲಿಲ್ಲ, ಇಂದಿಗೂ ಮುಗಿದಿಲ್ಲ. ಆದರೆ ಅಂಥ ವಾದ ನಡೆಸಲು ನಮ್ಮ ಮನೆಯಲ್ಲಿ ಹಿಂದೆ ಒಂದು ಪದವೇ ಇರಲಿಲ್ಲ. 'ಸಂಕಲ್ಪೀ ಹಿಂಸೆ' ಎಂಬ ಪದ ಎಲ್ಲರಿಗೂ ಗೊತ್ತಿತ್ತು. ಅದನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅಣ್ಣ ತಮ್ಮಂದಿರ ನಡುವೆ ಯಾರೂ ಬಳಸಿರಲಿಲ್ಲ.

ಹುಡುಗರು ಈಗ ಮತ್ತೆ ಅರ್ಜಿ ಹಾಕಿದ್ದಾರೆ. ಈ ಸಲ ನಾಟಕದ ಮೊದಲು ಜನ್ನನ ಕಾವ್ಯದ ಭವಾವಳಿಯನ್ನು ಅರ್ಧ ಗಂಟೆ ವಾಚನ ಮಾಡಿ, ನಂತರ ನಾಟಕ ಆಡುವುದಾಗಿ ಬರೆದಿದ್ದಾರೆ. ಇದು ನನ್ನ ಸಲಹೆ. ಕಾವ್ಯ ಬಿಟ್ಟುಕೊಟ್ಟದ್ದನ್ನು ನಾಟಕ, ನಾಟಕ ಬಿಟ್ಟದ್ದನ್ನು ಕಾವ್ಯ ತುಂಬಲಿ ಎಂಬ ಆಸೆ. ಅವರೊಳಗೆ ಮಾತ್ರ ಇನ್ನೂ ಒಂದು ಜಗಳ ತೀರಿಲ್ಲ. ಹುಂಜದ ಕೂಗನ್ನು ಧ್ವನಿಮುದ್ರಣದಿಂದ ಕೇಳಿಸಬೇಕೆಂದು ಕೆಲವರು, ತೆರೆಯ ಹಿಂದೆ ನಟನೊಬ್ಬನೇ ಕೂಗಬೇಕೆಂದು ಕೆಲವರು. ತಾಯಿಯ ಪಾತ್ರ ವಹಿಸಿದ ಹುಡುಗಿ ಇವೆರಡೂ ಬೇಡವೆನ್ನುತ್ತಾಳೆ. ಕೂಗು ಕೇಳಿಸಲೇಬಾರದು, ಕೇಳಿಸಿತೆಂಬುದು ರಾಜನ ಮುಖದಲ್ಲಿ ಮಾತ್ರ ಕಾಣಬೇಕು ಎಂದು ಅವಳ ಹಟ. ನಾನು ನಟನ ಗಂಟಲಿನ ಪಕ್ಷ. ಸಮಿತಿಯ ಸಭೆ ದೀಪಾವಳಿಯ ನಂತರವಂತೆ.